ಗಾಡಿ ಮಾತು: ಬೈಕ್ ಹತ್ತಿದರೆ ಕೈ ನಡುಗುತ್ತದೆ

ಹೊಸದಾಗಿ ಬೈಕ್ ಕಲಿಯುತ್ತಿರುವವರು ನಿಮ್ಮ ಹೆದರಿಕೆ ಏನು ಅಂತ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ಥರ ಶುರುವಾಗುತ್ತವೆ: "ಮೇಡಂ, ನನಗೆ ಬೈಕ್ ಅಂದರೆ ಭಯ." ಮುಂದೆ ಓದುತ್ತಾ ಹೋದರೆ ಒಬ್ಬೊಬ್ಬರ ಭಯವೂ ಬೇರೆ ಬೇರೆ. ಒಬ್ಬರಿಗೆ ಸಿಗ್ನಲ್, ಒಬ್ಬರಿಗೆ ತಿರುವು, ಒಬ್ಬರಿಗೆ ಮಳೆ. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ, ಈಚೆಗೆ ಗಂಡಸರಿಗೂ ಬೈಕ್ ಕಲಿಸುತ್ತಾ ಬಂದಿರುವ ನಾನು ಮೊದಲ ದಿನ ಎಲ್ಲರಿಗೂ ಕೇಳುವ ಪ್ರಶ್ನೆ ಒಂದೇ. ಯಾವ ಗಳಿಗೆಯಲ್ಲಿ ಹೆದರಿಕೆ ಆಗುತ್ತದೆ? ಅದನ್ನು ಸರಿಯಾಗಿ ಹೇಳಿಬಿಟ್ಟರೆ ಅರ್ಧ ಕೆಲಸ ಆದ ಹಾಗೆ. ಆ ಒಂದು ಗಳಿಗೆಗೆ ಏನು ಅಭ್ಯಾಸ ಬೇಕೋ ಅದನ್ನಷ್ಟೇ ಮಾಡಿಸಿದರೆ ಸಾಕು.

ಪ್ರಶ್ನೆ: ನನ್ನ ಊರು ಹಾಸನ. ಕೆಲಸ ಸಿಕ್ಕಿ ಮೈಸೂರಿಗೆ ಬಂದಿದ್ದೇನೆ. ವಯಸ್ಸು 26. ಸ್ಕೂಟರ್ ಬೇಡ, ಬೈಕೇ ಬೇಕು ಅಂತ ಹಠ ಹಿಡಿದು 150 ಸಿಸಿ ಗಾಡಿ ತಗೊಂಡೆ. ಖಾಲಿ ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತೇನೆ. ಸಿಗ್ನಲ್ಲಿನಲ್ಲಿ ಹಸಿರು ಬಿದ್ದ ಕೂಡಲೇ ಗಾಡಿ ಆಫ್ ಆಗುತ್ತದೆ. ಹಿಂದಿನಿಂದ ಹಾರ್ನ್ ಶುರು. ಕೈಕಾಲು ಆಡುವುದಿಲ್ಲ. ಈಗ ಸಿಗ್ನಲ್ ಇರುವ ರಸ್ತೆಗಳನ್ನೇ ಬಿಟ್ಟು ಸುತ್ತಿಕೊಂಡು ಆಫೀಸಿಗೆ ಹೋಗುತ್ತಿದ್ದೇನೆ. ಬೈಕ್ ಮಾರಿ ಸ್ಕೂಟರ್ ತಗೊಳ್ಳಲಾ ಅಕ್ಕ?

ಮಾರಬೇಡಿ. ನಿಮಗೆ ಬೈಕ್ ಓಡಿಸುವುದು ಬರುತ್ತದೆ. ನಿಂತ ಗಾಡಿಯನ್ನು ಹೊರಡಿಸುವುದು ಮಾತ್ರ ಇನ್ನೂ ಕೈಗೆ ಕೂತಿಲ್ಲ. ಅದು ಎಡಗೈ ಒಂದರ ಪಾಠ.

ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಿರುಗುತ್ತಿರುತ್ತದೆ, ಹಿಂದಿನ ಚಕ್ರ ನಿಂತಿರುತ್ತದೆ. ಇವೆರಡನ್ನು ಸೇರಿಸುವುದೇ ಕ್ಲಚ್. ನಿಧಾನವಾಗಿ ಸೇರಿಸಿದರೆ ಗಾಡಿ ಹೊರಡುತ್ತದೆ. ದಿಢೀರ್ ಬಿಟ್ಟರೆ ನಿಂತ ಚಕ್ರ ತಿರುಗುತ್ತಿರುವ ಎಂಜಿನ್ನನ್ನೂ ನಿಲ್ಲಿಸಿಬಿಡುತ್ತದೆ. ಲಿವರ್ ಬಿಡುತ್ತಾ ಬಂದ ಹಾಗೆ ಒಂದು ಜಾಗದಲ್ಲಿ ಎಂಜಿನ್ ಸದ್ದು ಸ್ವಲ್ಪ ಕುಗ್ಗಿ ಗಾಡಿ ಮುಂದಕ್ಕೆ ಎಳೆಯಲು ನೋಡುತ್ತದೆ. ನಾವು ಹಾಫ್ ಕ್ಲಚ್ ಅನ್ನುವುದು ಅದಕ್ಕೇ. ನಿಮ್ಮ ಗಾಡಿಯಲ್ಲಿ ಆ ಜಾಗ ಎಲ್ಲಿದೆ ಅನ್ನುವುದು ಬೆರಳಿಗೆ ಗೊತ್ತಾಗಬೇಕು. ಖಾಲಿ ರಸ್ತೆಯಲ್ಲಿ ಓಡಿಸುತ್ತಾ ಹೋದರೆ ಅದು ಗೊತ್ತಾಗುವುದಿಲ್ಲ. ಅಲ್ಲಿ ಒಮ್ಮೆ ಹೊರಟರೆ ಮತ್ತೆ ನಿಲ್ಲಿಸುವುದೇ ಇಲ್ಲ, ಅಲ್ವಾ?

ಭಾನುವಾರ ಬೆಳಗ್ಗೆ ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನಕ್ಕೆ ಹೋಗಿ. ಗಾಡಿ ಕಲಿಯುವವರು ಅಲ್ಲಿ ಎಷ್ಟೋ ಜನ ಸಿಗುತ್ತಾರೆ, ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಗಾಡಿ ಸ್ಟಾರ್ಟ್ ಮಾಡಿ, ಫಸ್ಟ್ ಗೇರ್ ಹಾಕಿ, ಎರಡೂ ಕಾಲು ನೆಲದ ಮೇಲಿಡಿ. ಆಕ್ಸಿಲರೇಟರ್ ಮುಟ್ಟಲೇಬೇಡಿ. ಕ್ಲಚ್ ನಿಧಾನವಾಗಿ ಬಿಡಿ. ಗಾಡಿ ಒಂದಡಿ ಅಲುಗಿದ ಕೂಡಲೇ ಮತ್ತೆ ಒತ್ತಿ ನಿಲ್ಲಿಸಿ. ಮತ್ತೆ ಬಿಡಿ, ಮತ್ತೆ ಒತ್ತಿ. ಬೇಜಾರು ಬರುವವರೆಗೂ ಇದನ್ನೇ ಮಾಡಿ. ಬೇಜಾರು ಬಂತು ಅಂದರೆ ಹೆದರಿಕೆ ಹೋಯಿತು ಅಂತಲೇ ಲೆಕ್ಕ. 2020ರ ಏಪ್ರಿಲ್ ನಂತರ ಬಂದ ಬಿಎಸ್-6 (ಹೊಗೆ ಕಡಿಮೆ ಮಾಡುವ ಹೊಸ ನಿಯಮದ) ಗಾಡಿಗಳಲ್ಲಿ ಹೆಚ್ಚಿನವಕ್ಕೆ ಫ್ಯೂಯಲ್ ಇಂಜೆಕ್ಷನ್, ಅಂದರೆ ಎಂಜಿನ್ನಿಗೆ ಬೇಕಾದಷ್ಟು ಪೆಟ್ರೋಲನ್ನು ತಾನೇ ಅಳೆದು ಕೊಡುವ ವ್ಯವಸ್ಥೆ ಇದೆ. ಅವು ಆಕ್ಸಿಲರೇಟರ್ ಇಲ್ಲದೆಯೇ ಸಮತಟ್ಟು ನೆಲದಲ್ಲಿ ತೆವಳಿಕೊಂಡು ಹೋಗುತ್ತವೆ. ಕಾಲು ನೆಲದ ಮೇಲೆ ನಡೆಸುತ್ತಾ ಹಾಗೇ ಮೈದಾನದ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋಗಿ. ಆಮೇಲೆ ಕಾಲು ಮೇಲಿಟ್ಟುಕೊಂಡು ಹೋಗಿ. ಇಷ್ಟಾದ ಮೇಲೆ ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಅದನ್ನೇ ಮಾಡಿ.

ಹೀಗೆ ಹಾಫ್ ಕ್ಲಚ್ಚಿನಲ್ಲಿ ಆಡಿಸಿದರೆ ಕ್ಲಚ್ ಪ್ಲೇಟ್ ಸುಟ್ಟುಹೋಗುತ್ತದೆ ಅಂತ ಯಾರಾದರೂ ಹೆದರಿಸುತ್ತಾರೆ. ನಾವು ದಿನಾ ನೋಡುವ ಬೈಕುಗಳಲ್ಲಿ ಹೆಚ್ಚಿನವುಗಳ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಪ್ಲೇಟುಗಳೂ ಹಲವು ಇರುತ್ತವೆ. ಇಷ್ಟು ಅಭ್ಯಾಸಕ್ಕೆ ಏನೂ ಆಗುವುದಿಲ್ಲ. ನಡುನಡುವೆ ಎಂಜಿನ್ ನಿಲ್ಲಿಸಿ ಸ್ವಲ್ಪ ತಣ್ಣಗಾಗಲು ಬಿಡಿ, ಸಾಕು.

ಇನ್ನೊಂದು ವಿಷಯ ನೋಡಿಕೊಳ್ಳಿ. ನಿಮ್ಮ ಬೆರಳು ಚಿಕ್ಕವಾ? ಲಿವರ್ ತಲುಪಲು ಕೈ ಚಾಚಬೇಕಾದರೆ ಕೊನೆಯಲ್ಲಿ ಅದು ಜಾರಿ ದಿಢೀರ್ ಬಿಟ್ಟುಹೋಗುತ್ತದೆ. ಮೆಕ್ಯಾನಿಕ್ ಹತ್ತಿರ ಹೋಗಿ ಲಿವರಿನ ಕೋನ ಸ್ವಲ್ಪ ಕೆಳಕ್ಕೆ ತಿರುಗಿಸಿಕೊಳ್ಳಿ, ಕೇಬಲ್ ಸರಿಮಾಡಿಸಿಕೊಳ್ಳಿ. ಕೆಲವೇ ನಿಮಿಷದ ಕೆಲಸ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರ ತೊಂದರೆ ಇಷ್ಟರಲ್ಲೇ ಅರ್ಧ ಕಡಿಮೆಯಾಗುತ್ತದೆ. ಷೋರೂಮಿನಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ನೀವೇ ಕೇಳಿ ಮಾಡಿಸಿಕೊಳ್ಳಬೇಕು.

ಈಗ ಸಿಗ್ನಲ್. ಕೆಂಪು ದೀಪದಲ್ಲಿ ನ್ಯೂಟ್ರಲ್ ಮಾಡಿ ಕೈಗೆ ವಿಶ್ರಾಂತಿ ಕೊಡಿ. ಹಿಂದೆ ಬರುತ್ತಿರುವ ಗಾಡಿಗಳು ನಿಂತಿವೆಯಾ ಅಂತ ಕನ್ನಡಿಯಲ್ಲಿ ಮೊದಲು ನೋಡಿಕೊಳ್ಳಿ. ಟೈಮರ್ ಇರುವ ಕಡೆ 5 ಸೆಕೆಂಡ್ ಉಳಿದಾಗ ಫಸ್ಟ್ ಹಾಕಿ. ಎಡಗಾಲು ನೆಲದ ಮೇಲೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಹಸಿರು ಬೀಳುವ ಮುಂಚೆ ಕ್ಲಚ್ ಹಾಫ್‌ವರೆಗೆ ತಂದಿಟ್ಟುಕೊಂಡರೆ ಆಮೇಲೆ ಉಳಿಯುವುದು ಬ್ರೇಕ್ ಬಿಡುವ ಕೆಲಸ ಮಾತ್ರ. ಏರು ರಸ್ತೆಯಲ್ಲೂ ಇದೇ ಕ್ರಮ. ಹಿಂದಿನ ಬ್ರೇಕ್ ಒತ್ತಿ ಹಿಡಿದು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು, ಗಾಡಿ ಎಳೆಯುತ್ತಿದೆ ಅನ್ನಿಸಿದ ಮೇಲೆ ಬ್ರೇಕ್ ಬಿಡಿ. ಹಿಂದಕ್ಕೆ ಜಾರುವುದಿಲ್ಲ.

ಅಷ್ಟಾಗಿಯೂ ಒಂದು ದಿನ ಆಫ್ ಆಗೇ ಆಗುತ್ತದೆ. ಎಲ್ಲರಿಗೂ ಆಗುತ್ತದೆ. ಆಗ ಹಿಂದೆ ತಿರುಗಿ ನೋಡಬೇಡಿ. ಕ್ಲಚ್ ಪೂರ್ತಿ ಒತ್ತಿ, ಸೆಲ್ಫ್ ಒತ್ತಿ. ಹೆಚ್ಚಿನ ಬೈಕುಗಳು ಕ್ಲಚ್ ಒತ್ತಿದ್ದರೆ ಗೇರಿನಲ್ಲೇ ಸ್ಟಾರ್ಟ್ ಆಗುತ್ತವೆ. ನ್ಯೂಟ್ರಲ್ ಹುಡುಕುತ್ತಾ ಕೂರಬೇಡಿ. ಸ್ಟಾರ್ಟ್ ಆಗದಿದ್ದರೆ ಸೈಡ್ ಸ್ಟ್ಯಾಂಡ್ ಕೆಳಗಿದೆಯಾ, ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್ ಆಫ್ ಆಗಿದೆಯಾ ನೋಡಿ. ಈಗಿನ ಬಹಳ ಗಾಡಿಗಳಲ್ಲಿ ಸ್ಟ್ಯಾಂಡ್ ಎತ್ತದೆ ಗೇರ್ ಹಾಕಿದರೆ ಎಂಜಿನ್ ತಾನೇ ನಿಲ್ಲುತ್ತದೆ. ಏನೂ ಆಗದಿದ್ದರೆ ಕೈ ತೋರಿಸಿ, ಇಳಿದು, ಗಾಡಿ ಎಡಕ್ಕೆ ತಳ್ಳಿಕೊಳ್ಳಿ. ಹಾರ್ನ್ ಹೊಡೆಯುವವರು ನಿಮಗೊಬ್ಬರಿಗೇ ಹೊಡೆಯುತ್ತಿಲ್ಲ, ಹಸಿರು ಬಿದ್ದ ಕೂಡಲೇ ಹೊಡೆಯುವುದು ಅವರ ಅಭ್ಯಾಸ.

ಪ್ರಶ್ನೆ: ನನಗೆ 54. ದಾವಣಗೆರೆಯಲ್ಲಿ ಅಂಗಡಿ ಇದೆ. ಇಷ್ಟು ವರ್ಷ ಮೊಪೆಡ್‌ನಲ್ಲೇ ಓಡಾಡಿದವನು. ಮಗ ಪುಣೆಗೆ ಕೆಲಸಕ್ಕೆ ಹೋಗುವಾಗ ತನ್ನ ಕ್ಲಾಸಿಕ್ 350 ಬುಲೆಟ್ ಬಿಟ್ಟುಹೋಗಿದ್ದಾನೆ. ಲೈಸೆನ್ಸ್ ಇದೆ, ನೇರ ರಸ್ತೆಯಲ್ಲಿ ಹೆದರಿಕೆ ಇಲ್ಲ. ಪಿ.ಬಿ. ರಸ್ತೆಯಲ್ಲಿ ಯೂ-ಟರ್ನ್ ಹೊಡೆಯುವಾಗ ಗಾಡಿ ವಾಲಿದರೆ ಹಿಡಿಯುವುದಕ್ಕಾಗುತ್ತದಾ ಅನ್ನುವುದೇ ಯೋಚನೆ. ಪರಿಚಯದವರು ನೋಡುತ್ತಿರುತ್ತಾರೆ, ಬಿದ್ದರೆ ಮರ್ಯಾದೆ ಏನಾಗಬೇಕು?

ಸರ್, ನಿಮ್ಮ ಹೆದರಿಕೆಗೆ ಕಾರಣ ಇದೆ. ಆ ಗಾಡಿ 195 ಕೆಜಿ. ನೀವು ಓಡಿಸಿದ ಮೊಪೆಡ್ ಅದರ ಅರ್ಧವೂ ಇಲ್ಲ. ವಾಲಿದ ಬುಲೆಟ್ಟನ್ನು ತೋಳಿನ ಬಲದಿಂದ ಹಿಡಿದು ನಿಲ್ಲಿಸುತ್ತೇನೆ ಅಂತ ಯಾವ ವಯಸ್ಸಿನವರೂ ಅಂದುಕೊಳ್ಳಬಾರದು. ಅದು ವಾಲದ ಹಾಗೆ ತಿರುಗಿಸುವುದನ್ನು ಕಲಿಯಬೇಕು.

ಮೊದಲು ಎಂಜಿನ್ ಆಫ್ ಮಾಡಿಯೇ ಶುರುಮಾಡಿ. ಮನೆ ಮುಂದೆ ಗಾಡಿ ಇಳಿದು ತಳ್ಳಿಕೊಂಡು ಓಡಾಡಿ. ನಿಮ್ಮ ಕಡೆಗೆ ಸ್ವಲ್ಪ ವಾಲಿಸಿ ಸೊಂಟಕ್ಕೆ ಒರಗಿಸಿಕೊಳ್ಳಿ. ಎಷ್ಟು ವಾಲುವವರೆಗೆ ತೂಕ ಗೊತ್ತಾಗುವುದಿಲ್ಲ, ಎಲ್ಲಿಂದಾಚೆ ಭಾರ ಒಮ್ಮೆಲೇ ಬರುತ್ತದೆ ಅನ್ನುವುದು ನಿಮಗೇ ತಿಳಿಯುತ್ತದೆ. ಜೊತೆಗೆ ಒಬ್ಬರು ಇನ್ನೊಂದು ಕಡೆ ನಿಂತಿರಲಿ.

ನಮ್ಮಪ್ಪ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿದ್ದರು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಫ್ಯಾಕ್ಟರಿ ಅದು. ನಾನು ಕಲಿತದ್ದು ಅಲ್ಲಿ ತಯಾರಾದ ಯೆಜ್ಡಿ ಬೈಕಿನಲ್ಲೇ. ಅದರಲ್ಲಿ ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್, ಅದೂ ಎಡಗಡೆ. ಬೇರೆ ಗಾಡಿ ಓಡಿಸಿದವರು ಅದನ್ನು ಹತ್ತಿದರೆ ತಬ್ಬಿಬ್ಬಾಗುತ್ತಿದ್ದರು. ಅಪ್ಪ ಯಾರಿಗೇ ಕಲಿಸಿದರೂ ಮೊದಲು ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, "ಕ್ಲಚ್ ಎಲ್ಲಿ? ಹಿಂದಿನ ಬ್ರೇಕ್ ಎಲ್ಲಿ? ಹಾರ್ನ್ ಎಲ್ಲಿ?" ಅಂತ ಕೇಳುತ್ತಿದ್ದರು. ತಡವರಿಸದೆ ಕೈಕಾಲು ಅಲ್ಲಿಗೆ ಹೋಗುವವರೆಗೂ ಕೀ ಕೊಡುತ್ತಿರಲಿಲ್ಲ. ನಾನೂ ಈಗ ಹಾಗೇ ಕಲಿಸುತ್ತೇನೆ. ನೀವೂ ಮಾಡಿ. ಮೊಪೆಡ್ ಓಡಿಸಿದ ಕೈಗೆ ಎಡಗಡೆಯ ಲಿವರ್ ಅಂದರೆ ಬ್ರೇಕ್ ಅಂತ ಗಟ್ಟಿಯಾಗಿ ಕೂತಿರುತ್ತದೆ. ಬುಲೆಟ್ಟಿನಲ್ಲಿ ಅದು ಕ್ಲಚ್. ಗಾಬರಿಯಲ್ಲಿ ಹಳೆಯ ಅಭ್ಯಾಸವೇ ಮೊದಲು ಓಡಿಬರುತ್ತದೆ. ನಿಲ್ಲಿಸಬೇಕು ಅಂತ ಎಡಗೈ ಒತ್ತಿದರೆ ಗಾಡಿ ನಿಲ್ಲುವುದಿಲ್ಲ, ಇನ್ನೂ ಸರಾಗವಾಗಿ ಜಾರಿಕೊಂಡು ಹೋಗುತ್ತದೆ. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ.

ಯೂ-ಟರ್ನ್ ಅನ್ನು ಯಾವುದಾದರೂ ಶಾಲೆಯ ಮೈದಾನದಲ್ಲಿ, ರಜೆಯ ದಿನ ಕೇಳಿಕೊಂಡು ಕಲಿಯಿರಿ. ಫಸ್ಟ್ ಗೇರ್, ಹಾಫ್ ಕ್ಲಚ್, ಆಕ್ಸಿಲರೇಟರ್ ಒಂದೇ ಸಮ, ಹಿಂದಿನ ಬ್ರೇಕ್ ಮೇಲೆ ಬಲಗಾಲು ಸ್ವಲ್ಪ ಒತ್ತಿಕೊಂಡೇ ಇರಲಿ. ವೇಗವನ್ನು ಕ್ಲಚ್ ಮತ್ತು ಹಿಂದಿನ ಬ್ರೇಕ್‌ನಿಂದಲೇ ನೋಡಿಕೊಳ್ಳಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿಯಲೇಬೇಡಿ. ನಿಧಾನದಲ್ಲಿ ಗಾಡಿ ಬೀಳಿಸುವವರಲ್ಲಿ ನಾನು ನೋಡಿದ ಹೆಚ್ಚಿನವರು ಬಿದ್ದದ್ದು ಇದರಿಂದಲೇ. ಇನ್ನು ಕಣ್ಣು. ಮುಂದಿನ ಚಕ್ರ ನೋಡಬೇಡಿ, ಡಿವೈಡರ್ ಕಲ್ಲು ನೋಡಬೇಡಿ. ಗದ್ದ ಭುಜದ ಕಡೆಗೆ ತಿರುಗಿಸಿ, ನೀವು ಹೋಗಬೇಕಾದ ರಸ್ತೆಯ ಆಚೆ ಕೊನೆ ನೋಡಿ. ನೋಡಿದ ಕಡೆಗೇ ಗಾಡಿ ಹೋಗುತ್ತದೆ. ಮೊದಲು ದೊಡ್ಡ ಸುತ್ತು, ಆಮೇಲೆ ಚಿಕ್ಕದು ಮಾಡುತ್ತಾ ಬನ್ನಿ. ಬಲಕ್ಕೂ ಎಡಕ್ಕೂ ಮಾಡಿ. ಒಂದು ಕಡೆ ಯಾವಾಗಲೂ ಕಷ್ಟ ಅನ್ನಿಸುತ್ತದೆ, ಆ ಕಡೆಗೆ ಜಾಸ್ತಿ ಮಾಡಿ.

ಬಿದ್ದರೆ ಎತ್ತುವುದನ್ನೂ ತಿಳಿದುಕೊಳ್ಳಿ. ಮೊದಲು ಎಂಜಿನ್ ಆಫ್. ಗೇರಿನಲ್ಲಿದ್ದರೆ ಒಳ್ಳೆಯದು, ಎತ್ತುವಾಗ ಉರುಳುವುದಿಲ್ಲ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಹೊರಕ್ಕೆ ಚಾಚಿಡಿ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಬೆನ್ನು ನೇರ ಇಟ್ಟುಕೊಂಡು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾ ಏಳಿ. ಬೆನ್ನುನೋವು ಇರುವವರು ಮಾತ್ರ ಈ ಸಾಹಸ ಬೇಡ. ಪಕ್ಕದವರನ್ನು ಕರೆಯಿರಿ. ದಾವಣಗೆರೆಯಲ್ಲಿ ಕರೆದರೆ ಬಾರದವರು ಯಾರು?

ಮರ್ಯಾದೆ ಮಾತು ಬರೆದಿದ್ದೀರಿ. ಇಷ್ಟೆಲ್ಲ ಮಾಡಿಯೂ ಆ ಗಾಡಿ ನಿಮಗೆ ಭಾರ ಅನ್ನಿಸಿದರೆ ಅದನ್ನು ಮಗನಿಗೇ ಬಿಟ್ಟು, 110 ಕೆಜಿ ಆಸುಪಾಸಿನ 100 ಸಿಸಿ ಗಾಡಿ ತಗೊಳ್ಳಿ. ಅದರಲ್ಲಿ ಕಡಿಮೆ ಅನ್ನುವುದು ಏನೂ ಇಲ್ಲ. ಒಂದೇ ಕಿವಿಮಾತು, ಗೇರ್ ಹಾಕುವ ಕ್ರಮ ಎಲ್ಲ ಗಾಡಿಗಳಲ್ಲೂ ಒಂದೇ ಥರ ಇರುವುದಿಲ್ಲ. ಕೆಲವದರಲ್ಲಿ ಎಲ್ಲ ಗೇರೂ ಮುಂದಕ್ಕೆ ಒತ್ತುವುದು, ಕೆಲವದರಲ್ಲಿ ಒಂದು ಕೆಳಕ್ಕೆ, ಉಳಿದವು ಮೇಲಕ್ಕೆ. ಕೊಳ್ಳುವ ದಿನವೇ ಕೇಳಿಕೊಳ್ಳಿ.

ಪ್ರಶ್ನೆ: ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಕಲಿತ ಹೊಸದರಲ್ಲಿ ತಿರುವಿನಲ್ಲಿ ಮರಳಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಈಗ ಪೂರ್ತಿ ವಾಸಿಯಾಗಿದೆ, ಡಾಕ್ಟರ್ ಗಾಡಿ ಓಡಿಸಬಹುದು ಅಂದಿದ್ದಾರೆ. ಆದರೆ ಹ್ಯಾಂಡಲ್ ಹಿಡಿದರೆ ಎದೆ ಹೊಡೆದುಕೊಳ್ಳುತ್ತದೆ. ರಸ್ತೆ ಬದಿಯಲ್ಲಿ ಮರಳಿನ ರಾಶಿ ಕಂಡರೂ ಸಾಕು, ಬೆವರು. ಮನೆಯವರು "ಹೆದರಿದರೆ ಆಗುತ್ತಾ, ಮತ್ತೆ ಅದೇ ರಸ್ತೆಯಲ್ಲಿ ಓಡಿಸು, ಸರಿಹೋಗುತ್ತೆ" ಅನ್ನುತ್ತಾರೆ.

ತಂಗಿ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಮನೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಆದರೂ ಅದೇ ರಸ್ತೆಯಿಂದ ಶುರುಮಾಡಬೇಡಿ. ಅದು ಕೊನೆಗೆ ಇರಲಿ.

ಬಿದ್ದ ಮೇಲೆ ಎದೆ ಹೊಡೆದುಕೊಳ್ಳುವುದು ಹೇಡಿತನ ಅಲ್ಲ. ನೋವಾದ ಜಾಗವನ್ನು ಮೈ ನೆನಪಿಟ್ಟುಕೊಂಡು ಎಚ್ಚರಿಸುತ್ತಿದೆ. ಅದಕ್ಕೆ ಬೈದರೆ ಸುಮ್ಮನಾಗುವುದಿಲ್ಲ. ಅದರ ಮುಂದೆ ಸಣ್ಣ ಸಣ್ಣ ಕೆಲಸ ಮಾಡಿ ತೋರಿಸಬೇಕು. ಮೊದಲ ಕೆಲವು ದಿನ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಹೆಲ್ಮೆಟ್ ಹಾಕಿಕೊಂಡು ಸುಮ್ನೆ ಕೂತುಕೊಳ್ಳಿ. ಎದೆಬಡಿತ ಇಳಿಯುವವರೆಗೂ ಇಳಿಯಬೇಡಿ. ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಕೂತುಕೊಳ್ಳಿ. ಆಮೇಲೆ ಮನೆ ಮುಂದಿನ ರಸ್ತೆಯ ಕೊನೆಯವರೆಗೆ. ಪ್ರತಿ ಹಂತವೂ ಸಪ್ಪೆ ಅನ್ನಿಸಿದ ಮೇಲೆಯೇ ಮುಂದಿನದು. ಎದೆ ಜೋರಾಗಿ ಹೊಡೆದುಕೊಳ್ಳುತ್ತಿರುವಾಗಲೇ ಇಳಿದು ಒಳಗೆ ಹೋದರೆ, ಓಡಿಬಂದದ್ದರಿಂದಲೇ ಬಚಾವಾದೆ ಅಂತ ಮನಸ್ಸು ಕಲಿತುಬಿಡುತ್ತದೆ. ಅದಕ್ಕೇ ಚಿಕ್ಕ ಹಂತ ಇಟ್ಟುಕೊಳ್ಳಿ, ಅದನ್ನು ಪೂರ್ತಿ ಮಾಡಿ.

ಮರಳಿನ ವಿಷಯಕ್ಕೆ ಬರೋಣ, ಏಕೆ ಬಿದ್ದಿರಿ ಅಂತ ಗೊತ್ತಾದರೆ ಧೈರ್ಯ ಬರುತ್ತದೆ. ಟೈರು ರಸ್ತೆಯನ್ನು ಹಿಡಿಯುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಅದರ ಕೆಳಗೆ ಮರಳು ಬಂದರೆ ಹಿಡಿತ ಬಹಳ ಕಡಿಮೆ. ಆಗ ಗಾಡಿ ವಾಲಿದ್ದರೆ, ಅಥವಾ ಬ್ರೇಕ್ ಹಿಡಿದಿದ್ದರೆ, ಜಾರುತ್ತದೆ. ಹಾಗಾಗಿ ಬ್ರೇಕಿನ ಕೆಲಸವೆಲ್ಲ ಮರಳು ಬರುವ ಮುಂಚೆಯೇ, ಗಾಡಿ ನೇರ ಇರುವಾಗಲೇ ಮುಗಿದಿರಬೇಕು. ಮರಳಿನ ಮೇಲೆ ಬ್ರೇಕ್ ಇಲ್ಲ, ಜೋರಾದ ಆಕ್ಸಿಲರೇಟರ್ ಇಲ್ಲ, ಹ್ಯಾಂಡಲ್ ಬಿಗಿಹಿಡಿಯುವುದೂ ಇಲ್ಲ. ಗಾಡಿ ಸ್ವಲ್ಪ ಅಲ್ಲಾಡುತ್ತದೆ, ಅಲ್ಲಾಡಲಿ, ಅದೇ ನೇರವಾಗುತ್ತದೆ. ಕಟ್ಟಡದ ಕೆಲಸ ನಡೆಯುವ ಕಡೆ, ಮಳೆ ನೀರು ಹರಿದು ಒಣಗಿದ ತಿರುವುಗಳಲ್ಲಿ, ರಸ್ತೆಯ ಒಳಬದಿಯಲ್ಲಿ ಮರಳು ಸೇರಿರುತ್ತದೆ ಅಂತ ಮೊದಲೇ ಅಂದುಕೊಂಡು ನಿಧಾನ ಮಾಡಿ. ಹೊಸ ಟೈರಿನ ಮೇಲ್ಮೈಯೂ ಮೊದಲ 100 ಕಿಲೋಮೀಟರಿನಷ್ಟು ನುಣುಪಾಗಿರುತ್ತದೆ. ಹೊಸ ಗಾಡಿ ತಗೊಂಡವರಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ.

ಮತ್ತೆ ರಸ್ತೆಗೆ ಇಳಿಯುವಾಗ ಗ್ಲೌಸ್ ಇರಲಿ. ಬೀಳುವಾಗ ಎಲ್ಲರೂ ಮೊದಲು ಕೈಯನ್ನೇ ಊರುತ್ತಾರೆ. ಒಳ್ಳೆಯ ಗ್ಲೌಸ್, ಹಿಮ್ಮಡಿ ಮುಚ್ಚುವ ಶೂ, ಐಎಸ್‌ಐ ಗುರುತಿನ ಹೆಲ್ಮೆಟ್. ಹೆಲ್ಮೆಟ್ಟಿನ ಹಿಂಭಾಗದಲ್ಲಿ ಐಎಸ್ 4151 ಅನ್ನುವ ಸಂಖ್ಯೆ ಇದೆಯಾ ನೋಡಿ. ಬಿದ್ದ ದಿನ ಹಾಕಿದ್ದ ಹೆಲ್ಮೆಟ್ ನೆಲಕ್ಕೆ ಹೊಡೆದಿದ್ದರೆ ಅದನ್ನು ಮತ್ತೆ ಬಳಸಬೇಡಿ. ಹೊರಗೆ ಏನೂ ಕಾಣದಿದ್ದರೂ ಒಳಗಿನ ಥರ್ಮಾಕೋಲ್ ಒಮ್ಮೆ ಕುಗ್ಗಿದರೆ ಮತ್ತೆ ಕಾಪಾಡುವುದಿಲ್ಲ.

ಇನ್ನೊಂದು ಮಾತು. ರಾತ್ರಿ ನಿದ್ದೆಯಲ್ಲಿ ಬಿದ್ದದ್ದೇ ಬರುತ್ತಿದ್ದರೆ, ಬೇರೆಯವರ ಗಾಡಿ ಹಿಂದೆ ಕೂರಲೂ ಆಗದಿದ್ದರೆ, ಮಣಿಕಟ್ಟು ತೋರಿಸಿದ ಹಾಗೇ ಮನಸ್ಸನ್ನೂ ಡಾಕ್ಟರಿಗೆ ತೋರಿಸಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದುಡ್ಡಿಲ್ಲ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಡಿಕೇರಿಯಿಂದ ಸಂಪಾಜೆ ಕಡೆಗೆ ವಾರಕ್ಕೊಮ್ಮೆ ಹೋಗಬೇಕು. ಮಳೆಗಾಲದಲ್ಲಿ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಭಯ, ಬಿಡಲೂ ಭಯ. ಗಾಡಿಗೆ ಎಬಿಎಸ್ ಇದೆ.

ಘಾಟಿ ಇಳಿಯುವಾಗ ನಿಮ್ಮ ಮೊದಲ ಬ್ರೇಕ್ ಎಂಜಿನ್. ಕ್ಲಚ್ ಒತ್ತಿಕೊಂಡು ಅಥವಾ ನ್ಯೂಟ್ರಲ್ಲಿನಲ್ಲಿ ಎಂದೂ ಇಳಿಯಬೇಡಿ. ಪೆಟ್ರೋಲ್ ಉಳಿಸಲು ಹಾಗೆ ಇಳಿಯುವವರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕಿಗೆ ಉಳಿಯುವ ಕೆಲಸ ಸ್ವಲ್ಪವೇ. ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗ, ಎರಡೂ ಬ್ರೇಕನ್ನು ಮೆಲ್ಲಗೆ ಹಿಂಡಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ನಿಲ್ಲಿಸುವ ಶಕ್ತಿ ಮುಂದಿನ ಬ್ರೇಕಿನಲ್ಲೇ ಜಾಸ್ತಿ. ಅದನ್ನು ಹಿಡಿದರೆ ಮುಗ್ಗರಿಸುತ್ತೇವೆ ಅಂತ ನಮ್ಮಲ್ಲಿ ಬಹಳ ಜನ ಹಿಂದಿನದೊಂದನ್ನೇ ಒತ್ತುತ್ತಾರೆ, ಹಿಂದಿನ ಚಕ್ರ ಜಾರುತ್ತದೆ. ಮುಂದಿನದನ್ನು ಒಮ್ಮೆಲೇ ಸೆಳೆಯಬಾರದು, ಅಷ್ಟೇ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಪೂರ್ತಿ ನಿಂತು ಜಾರದ ಹಾಗೆ ಅದು ನೋಡಿಕೊಳ್ಳುತ್ತದೆ. ಲಿವರಿನಲ್ಲಿ ಟಕಟಕ ಅಂತ ಮಿಡಿತ ಬಂದರೆ ಗಾಬರಿಯಿಂದ ಕೈ ಬಿಡಬೇಡಿ, ಅದು ತನ್ನ ಕೆಲಸ ಮಾಡುತ್ತಿದೆ. ನಿಮ್ಮ ಗಾಡಿಯಲ್ಲಿ ಅದು ಒಂದೇ ಚಕ್ರಕ್ಕಿದೆಯೋ ಎರಡಕ್ಕೂ ಇದೆಯೋ ತಿಳಿದುಕೊಳ್ಳಿ. ಒಂದೇ ಚಕ್ರ ಅಂದರೆ ಸಾಮಾನ್ಯವಾಗಿ ಮುಂದಿನದು. ಹಿಂದಿನದು ಜಾರುವ ಸಾಧ್ಯತೆ ಹಾಗೇ ಉಳಿದಿರುತ್ತದೆ. ತಿರುವಿನ ಮಧ್ಯೆ ಜೋರಾಗಿ ಬ್ರೇಕ್ ಹಿಡಿದರೆ ಎಬಿಎಸ್ ಇದ್ದರೂ ಬೀಳಬಹುದು.

ಒದ್ದೆ ರಸ್ತೆಯಲ್ಲಿ ಬಿಳಿ ಪಟ್ಟೆ, ಕೊಳೆತ ಎಲೆ, ಸೇತುವೆಯ ಕಬ್ಬಿಣದ ಜೋಡಣೆ, ಡೀಸೆಲ್ ಚೆಲ್ಲಿದ ಜಾಗ ಇವೆಲ್ಲ ಜಾರುತ್ತವೆ. ಮೊದಲ ಮಳೆ ಬಿದ್ದ ಹೊತ್ತು ಇನ್ನೂ ಕೆಟ್ಟದು, ರಸ್ತೆಯ ಧೂಳು ಎಣ್ಣೆ ಎಲ್ಲ ಮೇಲೆ ಬಂದಿರುತ್ತದೆ. ಆಗ ಒಂದು ಟೀ ಕುಡಿದು ಹೊರಡಿ. ಮಂಜು ಕವಿದು ಮುಂದೆ ಏನೂ ಕಾಣದಿದ್ದರೆ ಡಿಪ್ ಹಾಕಿ, ಹೈ ಬೀಮ್ ಹಾಕಿದರೆ ಮಂಜೇ ಹೊಳೆದು ಇನ್ನೂ ಕಾಣುವುದಿಲ್ಲ. ಘಾಟಿಯಲ್ಲಿ ಬಸ್ಸು ಲಾರಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕಾಗುತ್ತದೆ. ಹಾರ್ನ್ ಮಾಡಿ, ನಿಮ್ಮ ಎಡಬದಿಯಲ್ಲೇ ಇರಿ, ಬರುತ್ತಿದ್ದರೆ ನಿಂತು ಬಿಟ್ಟುಬಿಡಿ.

ಪ್ರಶ್ನೆ: ಯಜಮಾನರು ಹಿಂದೆ ಕೂತು ಕಲಿಸುತ್ತಿದ್ದಾರೆ. "ಬ್ರೇಕ್! ಬ್ರೇಕ್! ಕಣ್ಣು ಕಾಣಲ್ವಾ?" ಅಂತ ಕಿರುಚುತ್ತಾರೆ. ಅವರಿಲ್ಲದಿದ್ದರೆ ಚೆನ್ನಾಗಿ ಓಡಿಸುತ್ತೇನೆ ಅನ್ನಿಸುತ್ತದೆ. — ತುಮಕೂರು

ಹೌದು, ಚೆನ್ನಾಗಿಯೇ ಓಡಿಸುತ್ತೀರಿ. ಹಿಂದೆ ಒಬ್ಬರು ಕೂತರೆ ಗಾಡಿ ವಾಲುವ ರೀತಿಯೇ ಬದಲಾಗುತ್ತದೆ. ಹೊಸಬರಿಗೆ ಅದೇ ಒಂದು ಹೊರೆ. ಅವರನ್ನು ಮೈದಾನದ ಅಂಚಿನಲ್ಲಿ ನಿಲ್ಲಿಸಿ. ನೋಡಲಿ, ನೀವು ಸುತ್ತು ಹೊಡೆದು ಬಂದ ಮೇಲೆ ಒಂದೇ ಒಂದು ವಿಷಯ ಹೇಳಲಿ. ಇದನ್ನು ಅವರಿಗೆ ನೇರವಾಗಿ ಹೇಳಿ. ಅವರೂ ನಿಮ್ಮ ಬಗ್ಗೆ ಹೆದರಿಯೇ ಕಿರುಚುತ್ತಿದ್ದಾರೆ. ಆದರೆ ಆ ಕಿರುಚಾಟಕ್ಕೆ ನೀವು ದಿಢೀರ್ ಬ್ರೇಕ್ ಹಿಡಿದರೆ ಇಬ್ಬರೂ ಬೀಳುತ್ತೀರಿ. ಚೂಡಿದಾರದ ವೇಲ್ ಅಥವಾ ಸೆರಗು ಚಕ್ರಕ್ಕೆ ಸಿಗದ ಹಾಗೆ ಕಟ್ಟಿಕೊಂಡೇ ಹತ್ತಿ.

ಪ್ರಶ್ನೆ: ಬೆಂಗಳೂರಿನಿಂದ ಮೈಸೂರಿಗೆ ಒಬ್ಬನೇ ಬೈಕಿನಲ್ಲಿ ಹೋಗುವ ಆಸೆ. ಕಲಿತು ಮೂರು ತಿಂಗಳಾಯಿತು. ಲಾರಿ ಪಕ್ಕದಲ್ಲಿ ಬಂದರೆ ಮೈ ಬಿಗಿಯಾಗುತ್ತದೆ.

ಮೊದಲು ರಾಮನಗರದವರೆಗೆ ಹೋಗಿ ವಾಪಸ್ ಬನ್ನಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕುಗಳಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನಿಮ್ಮಂಥ ಹೊಸಬರಿಗೆ ಅದು ಒಳ್ಳೆಯದೇ. ಆದರೆ ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವವರು, ಹಂಪುಗಳು, ಊರಿನ ಜನ ಎಲ್ಲ ಇರುತ್ತಾರೆ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಹೋಗುತ್ತದೆ. ಮುಂದಿನ ಗಾಡಿ ದಾಟಿದ ಕಂಬವನ್ನು ನೀವು ದಾಟಲು ಎರಡು ಸೆಕೆಂಡಾದರೂ ಹಿಡಿಯುವಷ್ಟು ದೂರ ಇಟ್ಟುಕೊಳ್ಳಿ. ಮಳೆಯಲ್ಲಿ ಅದರ ಎರಡರಷ್ಟು.

ಲಾರಿಯ ಪಕ್ಕದಲ್ಲಿ ಜೊತೆಯಾಗಿ ಹೋಗಬೇಡಿ. ಅದರ ಕನ್ನಡಿ ನಿಮಗೆ ಕಾಣದಿದ್ದರೆ ಚಾಲಕನಿಗೆ ನೀವೂ ಕಾಣುವುದಿಲ್ಲ. ದಾಟುವುದಾದರೆ ಬಲಗಡೆಯಿಂದ ಬೇಗ ದಾಟಿ, ಇಲ್ಲದಿದ್ದರೆ ಹಿಂದೆಯೇ ದೂರ ಇರಿ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಗಾಳಿ ತಳ್ಳಿದ ಹಾಗೆ ಆಗುತ್ತದೆ. ಆಗ ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು, ಮೊಣಕೈ ಸಡಿಲ ಬಿಡಿ. ಕೈ ಬಿಗಿಹಿಡಿದಷ್ಟೂ ಗಾಡಿ ಅಲ್ಲಾಡುತ್ತದೆ.

ಪ್ರಶ್ನೆ: ಎಲ್‌ಎಲ್‌ಆರ್ ಆಗಿದೆ. ಆರ್‌ಟಿಓ ಟೆಸ್ಟಿನಲ್ಲಿ ಎಂಟು ಹಾಕುವಾಗ ಕಾಲು ಕೆಳಗಿಟ್ಟುಬಿಡುತ್ತೇನೆ ಅಂತ ಈಗಲೇ ನಿದ್ದೆ ಇಲ್ಲ. ಎಷ್ಟು ದಿನದೊಳಗೆ ಟೆಸ್ಟಿಗೆ ಹೋಗಬೇಕು? — ಚಾಮರಾಜನಗರ

ಎಲ್‌ಎಲ್‌ಆರ್ ಸಿಕ್ಕಿ 30 ದಿನ ಆದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. ಎಲ್‌ಎಲ್‌ಆರ್ 6 ತಿಂಗಳು ನಡೆಯುತ್ತದೆ. 31ನೇ ದಿನವೇ ಓಡಬೇಕಾಗಿಲ್ಲ, ಕೈ ಪಳಗಲಿ. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಎಲ್ ಬೋರ್ಡ್ ಇರಲಿ. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವ ಹಾಗಿಲ್ಲ.

ಎಂಟು ಹಾಕುವುದು ಅಂದರೆ ಬಲಕ್ಕೊಂದು ಎಡಕ್ಕೊಂದು ಸುತ್ತು. ದಾವಣಗೆರೆಯವರಿಗೆ ಮೇಲೆ ಬರೆದದ್ದೇ ನಿಮಗೂ. ಹಾಫ್ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಕಾಲು, ಕಣ್ಣು ಸುತ್ತಿನ ಆಚೆ ಬದಿಗೆ. ಎರಡು ಇಟ್ಟಿಗೆ ಇಟ್ಟುಕೊಂಡು ಅವುಗಳ ಸುತ್ತ ಅಭ್ಯಾಸ ಮಾಡಿ. ಮೊದಲು ಇಟ್ಟಿಗೆಗಳ ನಡುವೆ ಧಾರಾಳ ಜಾಗ ಇರಲಿ, ದಿನ ಕಳೆದ ಹಾಗೆ ಹತ್ತಿರ ತನ್ನಿ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಬದಲಾಗುವ ನಡುವಿನ ಜಾಗದಲ್ಲೇ ಹೆಚ್ಚಿನವರು ಕಾಲು ಇಡುವುದು. ಅಲ್ಲಿಗೆ ಬರುವ ಮುಂಚೆಯೇ ತಲೆ ಆ ಕಡೆ ತಿರುಗಿರಬೇಕು. ಗಾಡಿ ವಾಲಿ ಬೀಳುತ್ತದೆ ಅನ್ನಿಸಿದರೆ ಕ್ಲಚ್ ಒಂದು ಚೂರು ಬಿಡಿ, ಎದ್ದು ನಿಲ್ಲುತ್ತದೆ. ಟೆಸ್ಟಿಗೆ ನೀವು ಅಭ್ಯಾಸ ಮಾಡಿದ ಗಾಡಿಯನ್ನೇ ತಗೊಂಡು ಹೋಗಿ. ಅಲ್ಲಿ ಹೋಗಿ ಯಾರದ್ದೋ ಗಾಡಿ ಕೇಳಬೇಡಿ. ಇನ್ಶೂರೆನ್ಸ್, ಎಮಿಷನ್ ಕಾಗದ ಹಿಂದಿನ ರಾತ್ರಿಯೇ ಜೋಡಿಸಿಡಿ. ಪಾಸ್ ಆಗದಿದ್ದರೆ ಮತ್ತೆ ದಿನ ತಗೊಂಡು ಹೋಗಬಹುದು.